551ನೆಯ ಆನೆ

ಹೊಸಪೇಟೆಯಲ್ಲಿ ನಮ್ಮ ಮೇಷ್ಟ್ರ ಮನೆಯ ಜಗಲಿಗೆ ಭಾನುವಾರ ಸಂಜೆ ಬಂದವರು ಮೂವರೇ: ವಕೀಲರು, ನಾನು, ಮತ್ತು ಕಂಕುಳಲ್ಲಿ ಕಾದಂಬರಿಯ ಹಸ್ತಪ್ರತಿಯನ್ನು ಇರುಕಿಕೊಂಡಿದ್ದ ಸಾಹಿತಿಗಳು. ಮೇಷ್ಟ್ರ ಮನೆಯವರು ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ತಂದಿಟ್ಟರು. ಬಿಸಿ ಮಿರ್ಚಿಯನ್ನು ಇಡಲು ಕಾಗದ ಸಿಗದೆ ವಕೀಲರು ಹಸ್ತಪ್ರತಿಯ ಮೊದಲ ಹಾಳೆಯತ್ತ ಕೈ ಚಾಚಿದಾಗ ಸಾಹಿತಿಗಳು ಅದನ್ನು ಮಗುವಿನಂತೆ ಎದೆಗವಚಿಕೊಂಡು, "ಇದರಲ್ಲಿ ಭಕ್ತಿಯಿದೆ, ಪ್ರೇಮವಿದೆ, ನಿಧಿಶೋಧವೂ ಇದೆ. ಓದುಗನಿಗೆ ಇನ್ನೇನು ಬೇಕು ಹೇಳಿ!" ಎಂದರು.

ಕಥೆ ನಡೆಯುವುದು 1565ರ ಜನವರಿಯಲ್ಲಿ. ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಉರುಳಿದೆ. ಅರಮನೆಯ ಭಂಡಾರದಲ್ಲಿ ಲೆಕ್ಕ ಬರೆಯುವ ತರುಣ ಕರಣಿಕನೊಬ್ಬನೂ ದಾಸಕೂಟದಲ್ಲಿ ತಾಳ ಹಾಕುತ್ತ ಬೆಳೆದ ತುಂಗಾ ಎಂಬ ಕನ್ಯೆಯೂ, ಸುಲಿಗೆಗಾರರು ಬರುವ ಮುನ್ನ ಬಚ್ಚಿಟ್ಟ ರಾಜನಿಧಿಯನ್ನು ಹುಡುಕಲು ಹೊರಡುತ್ತಾರೆ. ಅದರ ಗುಟ್ಟು ಮಾಧ್ವ ಯತಿಗಳಾದ ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಹನುಮನ ಸುತ್ತ ಬಾಲ ಹಿಡಿದು ಕುಳಿತ 12 ಕೋತಿಗಳಲ್ಲಿ ಅಡಗಿದೆಯಂತೆ.

"ಹಂಪೆಯ ಕೋತಿಗಳು ಬಾಳೆಹಣ್ಣನ್ನು ಕಿತ್ತುಕೊಂಡದ್ದುಂಟು, ಗುಟ್ಟು ಹೇಳಿದ್ದು ಕಾಣೆ" ಎಂದ ಮೇಷ್ಟ್ರು ಕನ್ನಡಕವನ್ನು ಮೇಲೇರಿಸಿದರು. "ಅದಿರಲಿ, ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯನ್ನು ನೋಡಿದ್ದೀರಾ? ರಾಮರಾಯನ ತಮ್ಮ ತಿರುಮಲನು 550 ಆನೆಗಳ ಮೇಲೆ ಚಿನ್ನ, ವಜ್ರಗಳನ್ನೂ ರತ್ನಸಿಂಹಾಸನವನ್ನೂ ಹೇರಿಕೊಂಡು ಪೆನುಕೊಂಡೆಯತ್ತ ಹೊರಟುಹೋದನೆಂದು ಅದರಲ್ಲಿದೆ. ಆನೆಯೊಂದಕ್ಕೆ ಐದೇ ಕ್ವಿಂಟಲ್ ಎಂದು ಹಿಡಿದರೂ 275 ಟನ್ ಆಯಿತು. ಇನ್ನು ನಿಮ್ಮ ಕರಣಿಕನಿಗೆ ಉಳಿದದ್ದೇನು, ಆನೆಯ ಲದ್ದಿಯೇ?"

ಸಾಹಿತಿಗಳು ಒಂದು ಮಿರ್ಚಿ ಮುಗಿಯುವವರೆಗೆ ಯೋಚಿಸಿ, "551ನೆಯ ಆನೆಯೊಂದು ಕುಂಟುತ್ತ ಹಿಂದೆ ಉಳಿಯಿತು ಎಂದು ಬರೆದುಬಿಟ್ಟರೆ?" ಎಂದು ಕೇಳಿದರು. ಆ ಆನೆಯನ್ನು ಅಲ್ಲಗಳೆಯುವ ಆಧಾರ ಮೇಷ್ಟ್ರ ಬಳಿಯೂ ಇರಲಿಲ್ಲವಾದ್ದರಿಂದ ಅದು ಕಥೆಯೊಳಗೆ ನುಗ್ಗಿತು.

ಮೂರನೆಯ ಅಧ್ಯಾಯದಲ್ಲಿ ತುಂಗಾ ನಾಯಕನಿಗೆ ಆಲೂಗಡ್ಡೆ ಪಲ್ಯ ಬಡಿಸಿ, ಮೇಲೆ ಕಾಫಿಯನ್ನೂ ಕೊಡುತ್ತಾಳೆ. ಬಾಬಾ ಬುಡನ್ ಕಾಫಿ ಬೀಜ ತಂದರೆಂದು ಹೇಳುವ ಕಾಲ ಇನ್ನೂ ನೂರು ವರ್ಷ ದೂರವಿದ್ದುದರಿಂದ ಅದನ್ನು ಪಾನಕವಾಗಿಸಿದೆವು. ಆಲೂಗಡ್ಡೆಯ ಜಾಗಕ್ಕೆ ಬದನೆಕಾಯಿ ಬಂತು. ಪ್ರೇಮಕ್ಕೆ ಇದರಿಂದ ಧಕ್ಕೆಯಾಗಲಿಲ್ಲ.

ಆಗ ವಕೀಲರು ಗಂಟಲು ಸರಿಮಾಡಿಕೊಂಡರು. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಸಿಕ್ಕ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕಾಗಿತ್ತಂತೆ. "ಇಂದು ಆ ದುಡ್ಡಿಗೆ ಒಂದು ಪ್ಲೇಟ್ ಮಿರ್ಚಿ ಬರುವುದಿಲ್ಲ!" ಎಂದು ನಾನು ನಕ್ಕೆ. ನಾಯಕನು ಕಾಯ್ದೆಗಿಂತ ಮುನ್ನೂರು ವರ್ಷ ಮೊದಲೇ ಹುಟ್ಟಿದ್ದರಿಂದ ಪಾರಾದನೆಂದು ವಕೀಲರು ಶುಲ್ಕವಿಲ್ಲದೆ ತೀರ್ಪು ಕೊಟ್ಟರು.

ಅಷ್ಟು ಹೊತ್ತು ಹೊಸಿಲಿನಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಮೇಷ್ಟ್ರ ಮನೆಯವರು, ನಮಗೆಲ್ಲ ಅಮ್ಮ, "ಕೊನೆಗೆ ನಿಧಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ಸಾಹಿತಿಗಳು ಉತ್ಸಾಹದಿಂದ, ಒಂಬತ್ತು ಯತಿಗಳ ಬೃಂದಾವನಗಳೆಂಬ ಸಮಾಧಿಗಳಿರುವ ಆನೆಗೊಂದಿಯ ನಡುಗಡ್ಡೆಯಾದ ನವಬೃಂದಾವನದಲ್ಲಿ, ಬೆಳದಿಂಗಳ ರಾತ್ರಿಯಲ್ಲಿ, ಪ್ರೇಮಿಗಳಿಬ್ಬರೂ ಹಾರೆ ಹಾಕಿ ಒಂದು ಕಲ್ಲನ್ನು ಎತ್ತುವ ದೃಶ್ಯವನ್ನು ಓದತೊಡಗಿದರು. ಎರಡು ಸಾಲು ಓದುವಷ್ಟರಲ್ಲಿ ಅಮ್ಮನ ಕೈಯಲ್ಲಿದ್ದ ದಾರ ನಿಂತಿತು.

"ವ್ಯಾಸರಾಯರು ಇರುವುದು ಅಲ್ಲೇ ಅಲ್ಲವೇ? 2019ರ ಜುಲೈನಲ್ಲಿ ನಿಧಿಯ ಆಸೆಗೆ ಅವರ ಬೃಂದಾವನವನ್ನು ಕೆಡವಿದವರೂ ರಾತ್ರಿಯೇ ಬಂದಿದ್ದರು. ನಿಮ್ಮ ತುಂಗಾ ಅವರಿಗಿಂತ ಹೇಗೆ ಬೇರೆ? ಕೆಡವುವ ಮೊದಲು ಕೈ ಮುಗಿದಳು ಎಂದೇ?"

ಸಾಹಿತಿಗಳು ತುಂಗೆಯ ಭಕ್ತಿಯ ಬಗ್ಗೆ ನಾಲ್ಕು ಪುಟ ಬರೆದಿರುವುದಾಗಿ ತೊದಲಿದರು.

"ಆ ನಾಲ್ಕು ಪುಟದಲ್ಲಿ ಹನುಮಂತನನ್ನು ಅವಳು ಕೇಳುವುದು ದಾರಿ ತೋರಿಸು ಎಂದಷ್ಟೇ. ನವಕೋಟಿ ನಾರಾಯಣನೆನಿಸಿಕೊಂಡಿದ್ದ ಪುರಂದರದಾಸರು ಹೆಂಡತಿಯ ಮೂಗುತಿಯ ನೆಪದಲ್ಲಿ ಎಲ್ಲವನ್ನೂ ದಾನಮಾಡಿ ತಂಬೂರಿ ಹಿಡಿದು ಇದೇ ಹಂಪೆಗೆ ಬಂದರೆಂದು ನಾವು ಕೇಳಿಕೊಂಡು ಬಂದಿದ್ದೇವೆ. ಅವರು ಹೋಗಿ ವರ್ಷ ತುಂಬುವಷ್ಟರಲ್ಲಿ ಅವರ ಕೂಟದ ಹುಡುಗಿ ಹಾರೆ ಹಿಡಿದು ಹೊರಟರೆ, ಅವರು ಬಿಸಾಡಿದ್ದನ್ನೇ ಹೆಕ್ಕಲು ಹೋದಂತಾಗುವುದಿಲ್ಲವೇ?"

ಮೇಷ್ಟ್ರು ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕತೊಡಗಿದರು. ಇತಿಹಾಸದ ತಪ್ಪುಗಳನ್ನು ಹಿಡಿದು ಬೀಗುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಈ ತಪ್ಪು ಕಂಡಿರಲಿಲ್ಲ ಎಂಬುದನ್ನು ನಾನಂತೂ ಒಪ್ಪಿಕೊಳ್ಳುತ್ತೇನೆ.

"ಹಾರೆ ತೆಗೆದರೆ ಅವರಿಬ್ಬರೂ ಏಕಾಂತದಲ್ಲಿ ಸೇರುವುದಾದರೂ ಹೇಗೆ ಅಮ್ಮಾ?" ಎಂದು ಸಾಹಿತಿಗಳು ಅಂಗಲಾಚಿದರು.

"ಏಕಾಂತ ಏಕೆ? ಕೆಡವಿದ ಬೃಂದಾವನವನ್ನು ಒಂದೆರಡು ದಿನದಲ್ಲೇ ಮತ್ತೆ ನಿಲ್ಲಿಸಿದರಲ್ಲ, ಆಗ ಎಷ್ಟು ಜನ ಸೇರಿದ್ದರು! ಸುಲಿಗೆಗಾರರು ಕಿತ್ತೆಸೆದ ಗುಡಿಯೊಂದರ ಕಲ್ಲನ್ನು ಇವರೂ ಒಂದು ತುದಿ ಅವನು, ಒಂದು ತುದಿ ಅವಳು ಹಿಡಿದು ಎತ್ತಲಿ. ಭಾರ ಹೊರುವಾಗ ಗಂಡಸಿನ ಗುಣ ಚೆನ್ನಾಗಿ ತಿಳಿಯುತ್ತದೆ" ಎಂದ ಅಮ್ಮ, ಹತ್ತು ವರ್ಷಗಳಿಂದ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಒಳಗೆ ಉರುಳಿಸಿಕೊಂಡು ಬಂದವರಾದ್ದರಿಂದ, ಮೇಷ್ಟ್ರ ಕಡೆ ಒಮ್ಮೆ ನೋಡಿದರು.

ಸಾಹಿತಿಗಳು ನಿಟ್ಟುಸಿರು ಬಿಟ್ಟು ಕೊನೆಯ ಅಧ್ಯಾಯದ ಹಾಳೆಗಳನ್ನು ತಾವಾಗಿಯೇ ವಕೀಲರ ಮಿರ್ಚಿಯ ಕೆಳಗೆ ಹಾಸಿದರು.

"ನಿಧಿ ಹೊತ್ತ ಆ 551ನೆಯ ಆನೆಯನ್ನು ಏನು ಮಾಡಲಿ? ಅದು ಆಗಲೇ ಹೊಳೆ ದಾಟಿಬಿಟ್ಟಿದೆ."

"ಬಂದದ್ದು ಒಳ್ಳೆಯದೇ ಆಯಿತು" ಎಂದು ಅಮ್ಮ ಮತ್ತೆ ದಾರವನ್ನು ಕೈಗೆತ್ತಿಕೊಂಡರು. "ಬೆನ್ನ ಮೇಲಿನ ಮೂಟೆಯನ್ನು ಹೊಳೆಗೆ ಚೆಲ್ಲಿಸಿ, ಕಲ್ಲು ಹೊರಿಸಿ."