ಸರ್ಕಾರಿ ಇಲಾಖೆಗೆ ಸಾಫ್ಟ್‌ವೇರ್ ಮಾಡಿಕೊಟ್ಟೆವು: ಬಿಲ್ ಬಾಕಿ, ಈಗ ಸೋರ್ಸ್ ಕೋಡ್ ಕೇಳುತ್ತಿದ್ದಾರೆ

ಪ್ರಶ್ನೆ (ಹುಬ್ಬಳ್ಳಿಯಿಂದ):
ಸರ್, ನಮ್ಮದು ಆರು ಜನರ ಕಂಪನಿ. ಟೆಂಡರ್‌ನಲ್ಲಿ ಗೆದ್ದು ರಾಜ್ಯದ ಒಂದು ಇಲಾಖೆಗೆ ಅರ್ಜಿ ವಿಲೇವಾರಿ ಸಾಫ್ಟ್‌ವೇರ್ ಮಾಡಿಕೊಟ್ಟೆವು. 2025ರ ಫೆಬ್ರವರಿಯಿಂದ ಅವರ ಕಚೇರಿಗಳಲ್ಲಿ ಓಡುತ್ತಿದೆ. ಕೆಲಸ ಒಪ್ಪಿಕೊಂಡ 30 ದಿನದೊಳಗೆ ಹಣ ಎಂದು ಒಪ್ಪಂದದಲ್ಲಿದೆ. ಕೊನೆಯ ಕಂತು ಇನ್ನೂ ಬಂದಿಲ್ಲ. ಕೇಳಿದರೆ ಸ್ವೀಕೃತಿ ಪತ್ರ ಆಗಿಲ್ಲ ಅಂತಾರೆ. ನಡುವೆ ಒಬ್ಬ ಅಧಿಕಾರಿ ವಾಟ್ಸಾಪ್‌ನಲ್ಲಿ "ಇನ್ನೆರಡು ರಿಪೋರ್ಟ್ ಸೇರಿಸಿಕೊಡಿ" ಎಂದರು, ಸೇರಿಸಿಕೊಟ್ಟೆವು. ಅವರಿಗೆ ವರ್ಗವಾಯಿತು. ಹೊಸಬರು "ಆದೇಶ ಎಲ್ಲಿದೆ?" ಎನ್ನುತ್ತಿದ್ದಾರೆ. ಈಗ ಪೂರ್ತಿ ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಕೊಡಿ ಎಂದು ಪತ್ರ ಬಂದಿದೆ. ಅದರಲ್ಲಿ ನಾವು ಏಳು ವರ್ಷದಿಂದ ಬೆಳೆಸಿದ ನಮ್ಮದೇ ಲೈಬ್ರರಿ (ಬೇರೆ ಬೇರೆ ಕೆಲಸಗಳಲ್ಲಿ ಮತ್ತೆ ಮತ್ತೆ ಬಳಸುವ ಕೋಡ್) ಇದೆ. ಏನು ಮಾಡಲಿ?

ವಕೀಲರ ಉತ್ತರ:
ಆರು ಜನರ ಸಂಬಳ ತಿಂಗಳು ತಿಂಗಳು ಹೊಂದಿಸುತ್ತಾ ಈ ಬಿಲ್‌ಗಾಗಿ ಕಾಯುವುದು ಎಷ್ಟು ಕಷ್ಟ ಎಂದು ಗೊತ್ತು. ಗಾಬರಿಯಾಗಬೇಡಿ, ನಿಮ್ಮ ಕೈಯಲ್ಲಿ ದಾರಿಗಳಿವೆ.

ಮೊದಲು ಆ ಎರಡು ರಿಪೋರ್ಟ್. ರಾಜ್ಯ ಸರ್ಕಾರದ ಒಪ್ಪಂದ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಇರುವವರ ಸಹಿಯಲ್ಲಿ ಆಗಬೇಕು. ಸಂವಿಧಾನದ 299ನೇ ವಿಧಿ ಹೇಳುವುದು ಇದನ್ನೇ. (ನಿಗಮ, ಮಂಡಳಿಗಳಿಗೆ ಇದು ಅನ್ವಯಿಸುವುದಿಲ್ಲ.) ಹಾಗಾಗಿ ವಾಟ್ಸಾಪ್ ಮೆಸೇಜ್ ಒಪ್ಪಂದ ಆಗುವುದಿಲ್ಲ. ಆದರೆ ಮಾಡಿದ ಕೆಲಸ ನೀರುಪಾಲಾಯಿತು ಎಂದೂ ಅಲ್ಲ. ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಇನ್ನೊಬ್ಬರು ಪಡೆದರೆ ಅದಕ್ಕೆ ಹಣ ಕೊಡಬೇಕು. ಇದು ಕರಾರು ಕಾಯ್ದೆಯ 70ನೇ ಕಲಂ. ಪಶ್ಚಿಮ ಬಂಗಾಳದಲ್ಲಿ ಒಬ್ಬ ಗುತ್ತಿಗೆದಾರರು ಕ್ರಮವಾದ ಒಪ್ಪಂದ ಇಲ್ಲದೆ ಸರ್ಕಾರಕ್ಕೆ ಕಟ್ಟಡದ ಕೆಲಸ ಮಾಡಿಕೊಟ್ಟಿದ್ದರು. ಸರ್ಕಾರ ಅದನ್ನು ಬಳಸಿಕೊಂಡಿತ್ತು. ಆ ಬಿ.ಕೆ. ಮಂಡಲ್ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಂ ಮೇಲೆ ಹಣ ಕೊಡಿಸಿತು. ನೀವು ಮುಖ್ಯವಾಗಿ ತೋರಿಸಬೇಕಾದದ್ದು: ರಿಪೋರ್ಟ್ ಅನ್ನು ಅವರು ಬಳಸುತ್ತಿದ್ದಾರೆ ಎಂದು. ಯಾರು ಯಾವಾಗ ಬಳಸಿದರು ಎಂದು ತೋರಿಸುವ ಲಾಗ್‌ಗಳನ್ನು ಈಗಲೇ ತೆಗೆದಿಡಿ. ಆ ವಾಟ್ಸಾಪ್ ಮಾತುಕತೆ ಇರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕಾಗುತ್ತದೆ.

ಸೋರ್ಸ್ ಕೋಡ್ ವಿಷಯದಲ್ಲಿ ಅವಸರ ಬೇಡ. ಏನನ್ನು ಇಲಾಖೆಗೆ ಕೊಡಬೇಕು ಎಂದು ಹೇಳುವ ಒಪ್ಪಂದದ ಸಾಲನ್ನು ಬೆರಳಿಟ್ಟು ಓದಿ. "ಈ ಕೆಲಸಕ್ಕಾಗಿ ತಯಾರಿಸಿದ ಸಾಫ್ಟ್‌ವೇರ್" ಎಂದಿದೆಯೋ, "ಈ ಕೆಲಸದಲ್ಲಿ ಬಳಸಿದ ಸಾಫ್ಟ್‌ವೇರ್" ಎಂದಿದೆಯೋ? "ತಯಾರಿಸಿದ" ಎಂದಿದ್ದರೆ ನಿಮ್ಮ ಹಳೆಯ ಲೈಬ್ರರಿ ಹೊರಗೆ ಉಳಿಯುತ್ತದೆ ಎಂದು ಗಟ್ಟಿಯಾಗಿ ವಾದಿಸಬಹುದು. "ಬಳಸಿದ" ಎಂದಿದ್ದರೆ ಕಷ್ಟ ಜಾಸ್ತಿ. ಏನೂ ಬರೆದಿಲ್ಲವೇ? ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ 'ಸರ್ಕಾರಿ ಕೃತಿ'ಗೆ ಸರ್ಕಾರವೇ ಮೊದಲ ಮಾಲೀಕ. ಸರ್ಕಾರದ ನಿರ್ದೇಶನ ಅಥವಾ ಹತೋಟಿಯಲ್ಲಿ ತಯಾರಾದದ್ದೂ ಸರ್ಕಾರಿ ಕೃತಿಯೇ. ಅವರಿಗಾಗಿ ಹೊಸದಾಗಿ ಬರೆದ ಭಾಗದ ಮೇಲೆ ಇಲಾಖೆ ಈ ವಾದ ಮುಂದಿಡಬಹುದು. ಆದರೆ ಟೆಂಡರ್‌ಗಿಂತ ವರ್ಷಗಳ ಮೊದಲೇ ನೀವು ಬರೆದದ್ದು ಅವರ ನಿರ್ದೇಶನದಲ್ಲಿ ಹುಟ್ಟಿದ್ದಲ್ಲ, ಅಲ್ವಾ? ಅದರ ಹಕ್ಕು ಅವರಿಗೆ ಹೋಗಬೇಕಾದರೆ 19ನೇ ಕಲಂ ಪ್ರಕಾರ ಯಾವ ಕೃತಿ ಎಂದು ಗುರುತಿಸಿ, ನೀವು ಸಹಿ ಮಾಡಿದ ಬರಹ ಇರಬೇಕು. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ರೆಪಾಸಿಟರಿಯ ಹಳೆಯ ಕಮಿಟ್ ದಿನಾಂಕಗಳೇ ನಿಮ್ಮ ದೊಡ್ಡ ಸಾಕ್ಷಿ.

ಪತ್ರಕ್ಕೆ ಸುಮ್ನೆ "ಆಗಲ್ಲ" ಎಂದು ಬರೆಯಬೇಡಿ. ಹೊಸ ಭಾಗದ ಕೋಡ್ ಒಪ್ಪಂದದಂತೆ ಕೊಡುತ್ತೇವೆ, ಲೈಬ್ರರಿಗೆ ಈ ಇಲಾಖೆಯ ಬಳಕೆಯ ಮಟ್ಟಿಗೆ ಕಾಯಂ ಲೈಸೆನ್ಸ್ ಕೊಡುತ್ತೇವೆ ಎಂದು ಬರೆಯಿರಿ. ನಾಳೆ ನಿಮ್ಮ ಕಂಪನಿ ಮುಚ್ಚಿದರೆ ಗತಿ ಏನು ಎಂಬ ಅವರ ಭಯ ನ್ಯಾಯವಾದದ್ದೇ. ಅದಕ್ಕೆ ಲೈಬ್ರರಿಯ ಕೋಡನ್ನು ಮೂರನೆಯವರ ಬಳಿ ಎಸ್ಕ್ರೋದಲ್ಲಿ, ಅಂದರೆ ಅಂಥ ಸಂದರ್ಭ ಬಂದರೆ ಮಾತ್ರ ಇಲಾಖೆಗೆ ಸಿಗುವಂತೆ, ಇಡುವ ಮಾತನ್ನೂ ಸೇರಿಸಿ.

ಬಿಲ್‌ಗೆ ಬರೋಣ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇದೆಯೇ? ಇದ್ದರೆ ಯಾವಾಗ ಮಾಡಿಸಿದ್ದು? ಸಾಫ್ಟ್‌ವೇರ್ ಒಪ್ಪಿಸಿದ್ದಕ್ಕೆ ದಿನಾಂಕ ಇರುವ ಕಾಗದ ಇದೆಯೇ?

ಪ್ರಶ್ನೆ (ಬೆಂಗಳೂರಿನಿಂದ):
ನಮ್ಮದೂ ಇದೇ ಕಥೆ. ಹಣ ಬರುವವರೆಗೆ ಲಾಗಿನ್ ಬಂದ್ ಮಾಡಿದರೆ ಹೇಗೆ? ಸರ್ವರ್ ಪಾಸ್‌ವರ್ಡ್ ನಮ್ಮ ಹತ್ತಿರವೇ ಇದೆ.

ವಕೀಲರ ಉತ್ತರ:
ದಯವಿಟ್ಟು ಮಾಡಬೇಡಿ. ಅನುಮತಿ ಇಲ್ಲದೆ ಅವರ ವ್ಯವಸ್ಥೆಗೆ ಅವರಿಗೇ ಪ್ರವೇಶ ತಡೆಯುವುದು ಐಟಿ ಕಾಯ್ದೆಯ 43ನೇ ಕಲಂ ಕೆಳಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ್ದು ಎಂದಾದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇವತ್ತು ಹಣ ಬರಬೇಕಾದವರು ನೀವು. ಲಾಗಿನ್ ಬಂದ್ ಮಾಡಿದ ಮರುದಿನ ನೀವೇ ಆರೋಪಿ. ಜೊತೆಗೆ ಕೌಂಟರ್ ಮುಂದೆ ನಿಂತ ಜನರ ಅರ್ಜಿಗಳು ಅಲ್ಲೇ ನಿಲ್ಲುತ್ತವೆ. ಅವರು ನಿಮಗೇನು ಮಾಡಿದ್ದಾರೆ?

ಪ್ರಶ್ನೆ (ಮೈಸೂರಿನಿಂದ):
ಪೂರ್ತಿ ಸೋರ್ಸ್ ಕೋಡ್ ಕೊಡಬೇಕು ಎಂಬಂಥ ಷರತ್ತು ಟೆಂಡರ್ ಹಾಕುವ ಮೊದಲೇ ಕಣ್ಣಿಗೆ ಬಿದ್ದರೆ?

ವಕೀಲರ ಉತ್ತರ:
ಬಿಡ್ ಹಾಕುವ ಮುಂಚೆ ಇಲಾಖೆ ಕರೆಯುವ ಪ್ರೀ-ಬಿಡ್ ಸಭೆಗೆ ಲಿಖಿತ ಪ್ರಶ್ನೆ ಕಳಿಸಿ, ತಿದ್ದುಪಡಿ ಕೇಳಿ. ಬಿಡ್ ಹಾಕಿದಿರಿ ಎಂದರೆ ಷರತ್ತು ಒಪ್ಪಿದಿರಿ ಎಂದೇ ಅರ್ಥ. ಓಪನ್ ಸೋರ್ಸ್ (ಬೇರೆಯವರು ಬರೆದು, ಯಾರು ಬೇಕಾದರೂ ಬಳಸಲು ಬಿಟ್ಟ ಕೋಡ್) ಬಳಸಿದ್ದರೆ ಅದರ ಪಟ್ಟಿಯನ್ನೂ ಆಗಲೇ ಕೊಡಿ. ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಇರುವ ಕೋಡ್ ಸೇರಿಸಿ, ಎಲ್ಲವೂ ನಮ್ಮ ಸ್ವಂತದ್ದು ಎಂದು ಸಹಿ ಹಾಕಿದವರನ್ನು ನೋಡಿದ್ದೇನೆ. ಆಮೇಲೆ ತುಂಬಾ ನೋವು ಅನುಭವಿಸಿದರು.

ಹುಬ್ಬಳ್ಳಿಯವರು:
ಸರ್, ಉದ್ಯಮ್ ನೋಂದಣಿ 2021ರಲ್ಲೇ ಮಾಡಿಸಿದ್ದೆವು. ಫೈಲ್ ಹುಡುಕಿದಾಗ ಒಪ್ಪಿಸಿದ ಪತ್ರದ ನಕಲು ಸಿಕ್ಕಿತು. ಟಪಾಲು ಶಾಖೆಯ ನೀಲಿ ಸೀಲು, ಇನ್‌ವರ್ಡ್ ನಂಬರ್, 3-2-2025. ಆಮೇಲೆ ಅವರಿಂದ ಯಾವ ಆಕ್ಷೇಪಣೆಯೂ ಬರಹದಲ್ಲಿ ಬಂದಿಲ್ಲ.

ವಕೀಲರ ಉತ್ತರ:
ತುಂಬಾ ಸಂತೋಷವಾಯಿತು. ಆ ನಕಲನ್ನು ಇವತ್ತೇ ಸ್ಕ್ಯಾನ್ ಮಾಡಿ. 2006ರ ಎಂಎಸ್ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಒಪ್ಪಿಸಿದ 15 ದಿನದಲ್ಲಿ ಲಿಖಿತ ಆಕ್ಷೇಪಣೆ ಬರದಿದ್ದರೆ ಒಪ್ಪಿಸಿದ ದಿನವೇ ಒಪ್ಪಿಕೊಂಡ ದಿನ. ಸ್ವೀಕೃತಿ ಪತ್ರ ಆಗಿಲ್ಲ ಎಂಬ ಮಾತಿಗೆ ಇದೇ ನಿಮ್ಮ ಉತ್ತರ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗಡುವು 45 ದಿನ ಮೀರುವಂತಿಲ್ಲ. ನಿಮ್ಮದು 30 ದಿನ, ಅಂದರೆ ಮಾರ್ಚ್ 5. ಮಾರ್ಚ್ 6ರಿಂದ ಬಡ್ಡಿ ಶುರು: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಮೊದಲು ಅಸಲು, ಬಡ್ಡಿ ಎರಡನ್ನೂ ಲೆಕ್ಕ ಹಾಕಿ ಇಲಾಖೆಗೆ ಪತ್ರ ಕೊಡಿ. ಹಣ ಬರದಿದ್ದರೆ ಇದೇ ಕಾಯ್ದೆಯ 18ನೇ ಕಲಂ ಕೆಳಗೆ, ಇಂಥ ಬಾಕಿ ವಿವಾದ ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಿ. ಅಲ್ಲಿ ನಿಮ್ಮ ಪರ ಆದೇಶವಾದರೆ, ಅದನ್ನು ಪ್ರಶ್ನಿಸಲು ಇಲಾಖೆ ಮೊದಲು 75% ಹಣ ಠೇವಣಿ ಇಡಬೇಕಾಗುತ್ತದೆ. ಹೊಸ ಪತ್ರವನ್ನೂ ಟಪಾಲು ಶಾಖೆಯಲ್ಲೇ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ.