ಇ-ಪುಸ್ತಕದ ಆ್ಯಪಿನಲ್ಲಿ 'ಕಲೆಕ್ಷನ್', 'ಗೋ ಬ್ಯಾಕ್': ಕನ್ನಡದಲ್ಲಿ ಏನೆನ್ನೋಣ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಇ-ಪುಸ್ತಕ ಓದುವ ಒಂದು ಉಚಿತ ಆ್ಯಪಿನ ಮೆನುವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಭಾನುವಾರದೊಳಗೆ ಕಳಿಸಬೇಕು. ಎರಡು ಪದ ಬೇಕು.

ಒಂದು, 'ಕಲೆಕ್ಷನ್'. ಪುಸ್ತಕ ಜಾಸ್ತಿಯಾದ ಮೇಲೆ ಓದುಗರು ತಾವೇ ವಿಂಗಡಿಸಿಕೊಳ್ಳುತ್ತಾರಲ್ಲ, ಅದು. ಒಂದೇ ಪುಸ್ತಕ 'ಕಾದಂಬರಿ', 'ಮಲೆನಾಡು', 'ಅರ್ಧ ಓದಿದ್ದು' ಮೂರರಲ್ಲೂ ಇರಬಹುದು. ಕಲೆಕ್ಷನ್ ಅಳಿಸಿದರೆ ಪುಸ್ತಕ ಅಳಿಯುವುದಿಲ್ಲ. ಸದ್ಯಕ್ಕೆ 'ಕಪಾಟು' ಎಂದು ಹಾಕಿದ್ದೇನೆ. ಆದರೆ 'ಕಪಾಟು ಅಳಿಸಿ' ಎಂದು ಕಂಡರೆ ಒಳಗಿನ ಪುಸ್ತಕವೂ ಹೋಗುತ್ತದೆ ಅಂತ ಯಾರಾದರೂ ಹೆದರುತ್ತಾರೆ, ಅಲ್ವಾ?

ಎರಡು, ಅಡಿಟಿಪ್ಪಣಿಯ ಅಂಕೆ ಮುಟ್ಟಿದರೆ ಪುಸ್ತಕದ ಕೊನೆಗೆ ಹಾರುತ್ತದೆ. ಓದುತ್ತಿದ್ದ ಸಾಲಿಗೆ ವಾಪಸ್ ತರುವ ಗುಂಡಿಗೆ ಹೆಸರು ಬೇಕು. 'ಹಿಂದೆ' ಅಂದರೆ ಹಿಂದಿನ ಪುಟ ಅಂದುಕೊಳ್ಳುತ್ತಾರೆ. ಪುಟಸಂಖ್ಯೆ ನೆನಪಿಟ್ಟುಕೊಂಡೂ ಉಪಯೋಗವಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಪುಟಗಳ ಲೆಕ್ಕವೇ ಬದಲಾಗುತ್ತದೆ.

ತೀರ್ಥಹಳ್ಳಿಯಿಂದ:

'ಹೊತ್ತಗೆಗೂಡು'. ಅಚ್ಚಗನ್ನಡ. ಚರ್ಚೆಗೇನೂ ಇಲ್ಲ. ಎರಡನೆಯದಕ್ಕೆ 'ಮರಳು'.

ಶೃಂಗೇರಿಯಿಂದ:

ಮಲೆನಾಡಿನಲ್ಲೇ ಪದ ಇದೆ: ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಇಲ್ಲಿನ ಮಠದ ಕಡತಗಳು ಇತಿಹಾಸ ಓದಿದವರಿಗೆಲ್ಲ ಗೊತ್ತು. ಹಲವು ವಿಷಯ ಒಂದೆಡೆ ಸೇರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿದೆ? ಕಚೇರಿಯವರು ಎತ್ತಿಕೊಂಡ ಪದವನ್ನು ಪುಸ್ತಕಲೋಕಕ್ಕೆ ವಾಪಸ್ ತರೋಣ.

ಸಾಗರದಿಂದ:

ಹೊತ್ತಗೆ ಅಚ್ಚಗನ್ನಡ ಅಲ್ಲ. ಪುಸ್ತಕ, ಪೊತ್ತಗೆ, ಹೊತ್ತಗೆ. ತದ್ಭವ. ಕೇಶಿರಾಜನ ವ್ಯಾಕರಣ 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣ ಒಮ್ಮೆ ತೆರೆದು ನೋಡಿ.

ಕಡತವೂ ಆಗದು. ಕಂಪ್ಯೂಟರಿನಲ್ಲಿ ಕಡತ ಅಂದರೆ ಫೈಲು. ಒಂದೊಂದು ಇ-ಪುಸ್ತಕವೂ ಒಂದೊಂದು ಕಡತ. 'ಕಡತ ಅಳಿಸಿ' ಅಂದರೆ ಇನ್ನೂ ಅಪಾಯ. 'ಮರಳು' ಹೊಳೆಯ ಮರಳೂ ಹೌದು, ಒಂಟಿಯಾಗಿ ನಿಲ್ಲುವುದಿಲ್ಲ.

ಸುಮ್ನೆ 'ಕಲೆಕ್ಷನ್' ಎಂದೇ ಬಿಡಿ.

ತೀರ್ಥಹಳ್ಳಿಯಿಂದ:

ತದ್ಭವ ಆದ ಮೇಲೆ ಅದು ನಮ್ಮದು. ಪಾಲು ಹಾಲಾದ ಹಾಗೆ ಪೊತ್ತಗೆ ಹೊತ್ತಗೆಯಾಯಿತು. ನಮ್ಮ ಬಾಯಿಯ ನಿಯಮಕ್ಕೆ ಬಗ್ಗಿದೆ. 'ಕಲೆಕ್ಷನ್' ಯಾವ ನಿಯಮಕ್ಕೆ ಬಗ್ಗಿದೆ? ಹಾಗೇ ತಂದು ಕೂರಿಸುವುದು ಸೋಮಾರಿತನ.

ಸಾಗರದಿಂದ:

ಅಲಮಾರು ಪೋರ್ಚುಗೀಸರದ್ದು. ಚಾವಿಯೂ ಅವರದ್ದೇ. ಅಲಮಾರಿಗೆ ಚಾವಿ ಹಾಕುವಾಗ ಯಾರೂ ವ್ಯಾಕರಣ ಕೇಳಲಿಲ್ಲ. ಹೊತ್ತಗೆಗೂಡು ಅಂತ ನಿಮ್ಮ ಮನೆಯಲ್ಲಿ ಯಾರು ಅನ್ನುತ್ತಾರೆ?

ಶಿವಮೊಗ್ಗದಿಂದ:

'ಕಲೆಕ್ಷನ್' ಬೇಡ ಸರ್. ಗಾಂಧಿ ಬಜಾರಿನಲ್ಲಿ ಕಲೆಕ್ಷನ್ ಅಂದರೆ ಅಂಗಡಿಯ ದಿನದ ದುಡ್ಡು. ದಯವಿಟ್ಟು ಗುಂಡಿಯ ಕಡೆ ಬನ್ನಿ. ಅಲ್ಲಿ ಜಾಗ ತೀರಾ ಕಡಿಮೆ.

ಶಂಕರಘಟ್ಟದಿಂದ:

ಗ್ರಂಥಾಲಯದಲ್ಲಿ ಕೆಲಸ ಮಾಡಿದವನ ಮಾತು. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ. ಆದರೆ ಪುಸ್ತಕ ಹುಡುಕಲು ಇಡುವ ಕಾರ್ಡುಗಳು ಹಲವು: ಲೇಖಕರ ಹೆಸರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು. ಕಾರ್ಡು ತೆಗೆದರೆ ಪುಸ್ತಕ ಹೋಗುವುದಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪುಸ್ತಕ ವಿಂಗಡಿಸುವ ಕೋಲನ್ ವರ್ಗೀಕರಣ ತಂದಾಗಲೂ ಒಂದು ಪುಸ್ತಕಕ್ಕೆ ಹಲವು ಮುಖ ಎಂಬುದನ್ನೇ ಹಿಡಿದರು. ನೀವು ಹೇಳುತ್ತಿರುವುದು ಕಪಾಟಲ್ಲ, ಕಾರ್ಡು. ಅಂದರೆ 'ಪಟ್ಟಿ'. 'ಪಟ್ಟಿಗೆ ಸೇರಿಸಿ', 'ಪಟ್ಟಿ ಅಳಿಸಿ'. ಕಿರಾಣಿ ಪಟ್ಟಿ ಹರಿದರೆ ಅಕ್ಕಿ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ತೀರ್ಥಹಳ್ಳಿಯಿಂದ:

ಪಟ್ಟಿಯೂ ಸಂಸ್ಕೃತದ ಪಟ್ಟಿಕೆಯಿಂದ ಬಂದದ್ದು. ಸಾಗರದವರು ಈಗ ಯಾಕೆ ಸುಮ್ಮನಿದ್ದಾರೆ?

ಶಿವಮೊಗ್ಗದಿಂದ:

'ಪಟ್ಟಿ' ಹಾಕಿದ್ದೇನೆ. ಎರಡನೆಯದಕ್ಕೆ 'ಓದುತ್ತಿದ್ದಲ್ಲಿಗೆ'. ಹಿಂದಿನ ಪುಟದ ಗೊಂದಲವೂ ಇಲ್ಲ, ಹೊಳೆಯ ಮರಳೂ ಇಲ್ಲ. 'ಪರಿವಿಡಿ'ಯನ್ನು ಹಾಗೇ ಉಳಿಸಿದ್ದೇನೆ.

ಪಟ್ಟಿಯೊಳಗೆ ಪಟ್ಟಿ ಮಾಡುವ ಸೌಲಭ್ಯ ಈ ಆ್ಯಪಿನಲ್ಲಿ ಇನ್ನೂ ಇಲ್ಲ. 'ಕಾದಂಬರಿ'ಯ ಒಳಗೆ 'ಮಲೆನಾಡು' ಇಡಲು ಬರಬೇಕು. ಅದನ್ನೂ ಕೇಳಿ ಬರೆಯುತ್ತೇನೆ. ಕೊಟ್ಟರೆ ಅದಕ್ಕೆ 'ಒಳಪಟ್ಟಿ' ಸಾಕಾ? ಶಂಕರಘಟ್ಟದ ಸರ್ ಹೇಳಬೇಕು.