ಸಹಾಯ ಬೇಕು: ಇರುವೆ ಗೂಡಿಗೆ ಬೂಷ್ಟು ಹಿಡಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ದೊಡ್ಡ ಮಳೆ ಬಿದ್ದ ರಾತ್ರಿ, ಜಗಲಿಯ ಲೈಟಿನ ಕೆಳಗೆ ರೆಕ್ಕೆ ಕಳಚಿದ್ದ ಗೊದ್ದದ ರಾಣಿಯೊಂದು ಸಿಕ್ಕಿತ್ತು. ಮಗಳ ಹಟಕ್ಕೆ ಸಾಕಲು ಶುರು ಮಾಡಿದೆವು. ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು, ಅದಕ್ಕೆ ಹತ್ತಿಯ ಬಿರಡೆ, ಈಚೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟೆವು. ಮೊದಲ ಕೆಲಸಗಾರ ಇರುವೆಗಳು ಬರುವವರೆಗೆ ಈ ಜಾತಿಯ ರಾಣಿಗೆ ಊಟ ಬೇಡ, ಮೈಯಲ್ಲಿರುವುದನ್ನೇ ಕರಗಿಸಿಕೊಂಡು ಬದುಕುತ್ತದೆ. ಅಮ್ಮ ಮಾತ್ರ "ಪಾಪ, ಉಪವಾಸ ಕೆಡವಿದ್ದೀಯಲ್ಲೋ" ಅಂತ ದಿನಾ ಬೈಯುತ್ತಿದ್ದರು.

ಈಗ 14 ಇರುವೆಗಳಿವೆ. ಹೋದ ತಿಂಗಳು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಗೂಡು ಮಾಡಿ ಮೇಲೆ ಗಾಜು ಕೂರಿಸಿದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಒಂದು ಮೂಲೆಗೆ ಸಿರಿಂಜಿನಲ್ಲಿ ನೀರು ಬಿಡುತ್ತೇನೆ. ಸ್ವಲ್ಪ ಜಾಸ್ತಿಯಾದರೆ ಬಿಳಿ ಬೂಷ್ಟು. ಕಮ್ಮಿಯಾದರೆ ಮೊಟ್ಟೆ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಎಲ್ಲವೂ ಒದ್ದೆ ಮೂಲೆಗೆ ಓಡುತ್ತವೆ. ನಿನ್ನೆ ಒಳಗೆ ಎಳೆದುಕೊಂಡು ಹೋಗಿದ್ದ ಜಿರಲೆ ಕಾಲಿನ ಮೇಲೂ ಹತ್ತಿಯಂಥ ಬೂಷ್ಟು ಇತ್ತು. ಗಾಜು ತೆಗೆದು ಒರೆಸೋಣ ಅಂದರೆ ರಾಣಿ ಗಾಬರಿಯಾಗುತ್ತದೆ. ಗಾಬರಿಯಾದರೆ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ ಅಲ್ವಾ?

ನೀರು ಎಷ್ಟು ದಿನಕ್ಕೊಮ್ಮೆ ಬಿಡಬೇಕು? ಪ್ಲಾಸ್ಟರ್ ಬಿಟ್ಟು ಸುಟ್ಟ ಇಟ್ಟಿಗೆ ಕೊರೆದು ಗೂಡು ಮಾಡಿದವರು ಯಾರಾದರೂ ಇದ್ದೀರಾ?

ಇನ್ನೊಂದು ವಿಷಯ. ಇರುವೆಗಳಿಗೆ ಊಟ ಇಡುವ ಡಬ್ಬಿಯ ಅಂಚಿಗೆ, ಅವು ಆಚೆ ಬರದಿರಲಿ ಅಂತ, ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಹಚ್ಚಿದ್ದೆ. ಮಳೆಯ ತೇವಕ್ಕೆ ಅದು ನಿಲ್ಲುತ್ತಿಲ್ಲ. ಮೊನ್ನೆ ಮೂರು ಇರುವೆ ಸಕ್ಕರೆ ಡಬ್ಬಿಯ ಹತ್ತಿರ ಸಿಕ್ಕವು. ಬೇರೆ ಉಪಾಯ ಬೇಗ ಹೇಳಿ, ಅಮ್ಮನಿಗೆ ಇನ್ನೂ ಗೊತ್ತಿಲ್ಲ.